ತರಂಗಾಂತರ: ಹರಾಜೋ, ಹಂಚಿಕೆಯೋ?

ಮೊಬೈಲ್ ಮತ್ತಿತರ ಸೇವೆಗಳ ಸಂಕೇತ ಸಾಗಿಸುವ ರೇಡಿಯೊ ತರಂಗಗಳೇ ತರಂಗಾಂತರ. ಹರಾಜಿಲ್ಲದೆ ಸರ್ಕಾರವೇ ನೇರವಾಗಿ ಅದನ್ನು ಹಂಚಿದರೆ ಕಂಪನಿಗಳ ಕೈಯಲ್ಲಿ ಬಂಡವಾಳ ಉಳಿಯುತ್ತದೆ, ಟವರ್‌ಗಳು ಬೇಗ ಏಳುತ್ತವೆ. ವಾದ ಸರಿಯೇ. ಆದರೆ ಯಾರಿಗೆ ಕೊಡಬೇಕೆಂದು ನಿರ್ಧರಿಸುವವರು ಯಾರು? 2008ರ ಜನವರಿ 10ರಂದು ಮೊಬೈಲ್ ಪರವಾನಗಿ ಕುರಿತ ದೂರಸಂಪರ್ಕ ಇಲಾಖೆಯ ಪ್ರಕಟಣೆ ಮಧ್ಯಾಹ್ನ ಹೊರಬಿತ್ತು. ಕಂಪನಿಗಳು ಅದೇ ಸಂಜೆ ದೆಹಲಿಯಲ್ಲಿರುವ ಇಲಾಖೆಯ ಕಚೇರಿ ಸಂಚಾರ ಭವನದಲ್ಲಿ ಬ್ಯಾಂಕ್ ಡ್ರಾಫ್ಟ್ ಹಿಡಿದು ಸಾಲುಗಟ್ಟಬೇಕಾಯಿತು. ದೇಶವಿಡೀ ಪರವಾನಗಿಗೆ 2001ರ ದರವೇ, ₹1,658 ಕೋಟಿ. 2012ರಲ್ಲಿ ಸುಪ್ರೀಂ ಕೋರ್ಟ್ ಹೀಗೆ ಕೊಟ್ಟ 122 ಪರವಾನಗಿಗಳನ್ನು ರದ್ದುಪಡಿಸಿತು. ಹೂಡಿಕೆದಾರರಿಗೆ ಇದಕ್ಕಿಂತ ದೊಡ್ಡ ಆಘಾತ ಬೇಕೇ!

ಹರಾಜಿನಲ್ಲಿ ಬೆಲೆ ಎಲ್ಲರ ಕಣ್ಣೆದುರೇ ನಿಗದಿಯಾಗುತ್ತದೆ. 2010ರ 3ಜಿ ಹರಾಜು ಬೊಕ್ಕಸಕ್ಕೆ ಸುಮಾರು ₹67,700 ಕೋಟಿ ತಂದಿತು. ಆದರೆ ಖಜಾನೆಯ ಆಸೆ ಅತಿಯಾದರೆ ಇದೂ ಕೆಡುತ್ತದೆ. 2016ರಲ್ಲಿ 700 ಮೆಗಾಹರ್ಟ್ಸ್ ಬ್ಯಾಂಡಿಗೆ (ಆ ಆವರ್ತನದ ಆಸುಪಾಸಿನ ತರಂಗಗಳ ಪಟ್ಟಿಗೆ) ಪ್ರತಿ ಮೆಗಾಹರ್ಟ್ಸ್‌ಗೆ ₹11,485 ಕೋಟಿ ಮೂಲಬೆಲೆ ಇಟ್ಟರು, ಒಬ್ಬರೂ ಕೊಳ್ಳಲಿಲ್ಲ. ದೂರದ ಹಳ್ಳಿಗೂ, ಮನೆಯ ಗೋಡೆಯೊಳಗೂ ತಲುಪಬಲ್ಲ ಆ ತರಂಗಗಳು ವರ್ಷಗಟ್ಟಲೆ ಪೋಲಾದವು. ಬೆಲೆ ತೀರಾ ಇಳಿಸಿದ ಮೇಲೆ, 2022ರಲ್ಲಿ ಜಿಯೋ ಕೊಂಡಿತು. ಸಾಲದ ಹೊರೆಯ ಕಥೆ ಬೇರೆ: ಮೊಬೈಲ್ ಕಂಪನಿ ವೊಡಾಫೋನ್ ಐಡಿಯಾ ತನಗೆ ಕೊಡಬೇಕಿದ್ದ ಬಾಕಿಯ ಒಂದು ಪಾಲನ್ನು ಷೇರುಗಳಾಗಿಸಿಕೊಂಡ ಸರ್ಕಾರವೇ ಇಂದು ಅದರ ಅತಿದೊಡ್ಡ ಷೇರುದಾರ.

ಮೊಬೈಲ್ ಸೇವೆಗೆ ನನ್ನ ಆಯ್ಕೆ ಹರಾಜೇ, ಆದರೆ ಕಡಿಮೆ ಮೂಲಬೆಲೆಯೊಂದಿಗೆ, ಹಳ್ಳಿಗಳಿಗೂ ಸೇವೆ ನೀಡುವ ಕಟ್ಟುನಿಟ್ಟಿನ ಷರತ್ತಿನೊಂದಿಗೆ. ಹಲವರು ಒಂದೇ ತರಂಗವನ್ನು ಹಂಚಿಕೊಳ್ಳಬಹುದಾದ ಉಪಗ್ರಹ ಸೇವೆಗೆ ಮಾತ್ರ, 2023ರ ದೂರಸಂಪರ್ಕ ಕಾಯ್ದೆ ಹೇಳಿರುವಂತೆ, ನೇರ ಹಂಚಿಕೆಯೇ ಒಪ್ಪುತ್ತದೆ.