ಹಳೆಯ ಕಾಮಿಕ್ಸ್ ಸಂಗ್ರಹಕ್ಕೆ ‘ಭಾರತ್ ಗೃಹ ರಕ್ಷಾ’ ಸಾಕೇ?

ಧಾರವಾಡದ ನಮ್ಮ ಹಂಚಿನ ಮನೆಯಲ್ಲಿರುವ ಇಂದ್ರಜಾಲ ಕಾಮಿಕ್ಸ್ ಮತ್ತು ಅಮರ ಚಿತ್ರಕಥೆಯ ಹಳೆಯ ಸಂಚಿಕೆಗಳಿಗೆ ವಿಮೆ ಮಾಡಿಸಲೆಂದು ‘ಭಾರತ್ ಗೃಹ ರಕ್ಷಾ’ ಪಾಲಿಸಿಯ ಷರತ್ತುಗಳನ್ನು ಪೂರ್ತಿ ಓದಿದೆ. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಈ ಪಾಲಿಸಿಯಲ್ಲಿ ಕಟ್ಟಡಕ್ಕೆ ವಿಮೆ ಮಾಡಿಸಿದರೆ, ಆ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯ ಸಾಮಾನುಗಳಿಗೂ ತಾನಾಗಿಯೇ ರಕ್ಷಣೆ ದೊರೆಯುತ್ತದೆ.

ತೊಡಕಿರುವುದು ಬೆಲೆಯಲ್ಲಿ. 1964ರಲ್ಲಿ ಆರಂಭವಾಗಿ 1990ರಲ್ಲಿ ನಿಂತುಹೋದ ಇಂದ್ರಜಾಲದ ಸಂಚಿಕೆ ಹೊಸದಾಗಿ ಎಲ್ಲಿಯೂ ಸಿಗದು. ಸಾಮಾನ್ಯ ಸಾಮಾನಿನ ಲೆಕ್ಕದಲ್ಲಿ ಅದು ಬರೀ ಹಳೆಯ ಪುಸ್ತಕ. ಆದ್ದರಿಂದ ಬೆಲೆಬಾಳುವ ವಸ್ತುಗಳ ಐಚ್ಛಿಕ ರಕ್ಷಣೆಯನ್ನು ಮೊದಲೇ ಒಪ್ಪಿಕೊಂಡ ಮೌಲ್ಯದ ಆಧಾರದ ಮೇಲೆ ಪಡೆಯುವುದೇ ಲೇಸು. ಆದರೆ ಕಲಾಕೃತಿ, ಪುರಾತನ ವಸ್ತು ಮುಂತಾದವನ್ನು ಹೆಸರಿಸುವ ಆ ಕಲಮಿನಲ್ಲಿ ಕಾಮಿಕ್ಸ್ ಪ್ರಸ್ತಾಪವೇ ಇಲ್ಲದ ಕಾರಣ, ಸಂಚಿಕೆಯ ಸಂಖ್ಯೆ, ಮುಖಪುಟದ ಸ್ಥಿತಿ, ಪಿನ್ನಿನ ತುಕ್ಕು, ಮೌಲ್ಯ ಎಲ್ಲವನ್ನೂ ನಮೂದಿಸಿದ ಪಟ್ಟಿಯನ್ನು ಫೋಟೊ ಸಹಿತ ಒಪ್ಪಿಸಿ, ಕಂಪನಿಯ ಸಮ್ಮತಿಯನ್ನು ಲಿಖಿತವಾಗಿ ಪಡೆಯಬೇಕು. ಏಜೆಂಟರ ಬಾಯಿಮಾತು ಕ್ಲೇಮಿನ ವೇಳೆ ಕೆಲಸಕ್ಕೆ ಬಾರದು.

ಬೆಂಕಿ, ಬಿರುಗಾಳಿ, ಪ್ರವಾಹಗಳ ಮಟ್ಟಿಗೆ ಪಾಲಿಸಿ ಚೆನ್ನಾಗಿದೆ. ಕಳವಿನ ವಿಷಯದಲ್ಲಿ ಮಾತ್ರ ನಿರಾಶೆ: ಇಂಥ ಅನಾಹುತದ ಬೆನ್ನಿಗೆ, ಅದರ ಕಾರಣದಿಂದಲೇ, 7 ದಿನಗಳೊಳಗೆ ನಡೆದ ಕಳವಿಗಷ್ಟೇ ಪರಿಹಾರವಿದ್ದು, ಬರೀ ಬೀಗ ಒಡೆದು ಕದ್ದರೆ ಪ್ರತ್ಯೇಕ ಕಳ್ಳತನ ವಿಮೆಯೇ ಬೇಕು. ಗೆದ್ದಲು, ಬೂಷ್ಟು, ಹಾಳೆ ಹಳದಿಯಾಗುವುದು ಇವುಗಳಿಗೆ ಪರಿಹಾರವಿಲ್ಲ. ಜಿಟಿಜಿಟಿ ಮಳೆಯ ನಮ್ಮೂರಿನಲ್ಲಿ ಪುಸ್ತಕ ಕೆಡುವುದು ಬಹುಪಾಲು ಹೀಗೆಯೇ ಆದ್ದರಿಂದ, ಪ್ರೀಮಿಯಮ್ಮಿಗಿಂತ ಮೊದಲು ಕಬ್ಬಿಣದ ಕಪಾಟಿಗೆ ಹಣ ಹಾಕುವುದು ಒಳ್ಳೆಯದು.