ಕ್ಯಾನ್ಸರ್ ಆಪರೇಷನ್ ಆದವರಿಗೆ ಲ್ಯಾಬ್‌ನ ‘ಥೈರಾಯ್ಡ್ ಪ್ಯಾಕೇಜ್’ ಸಾಲದು

ಬಳ್ಳಾರಿ, ರಾಯಚೂರು, ಕೊಪ್ಪಳ, ಯಾವ ಊರಿನ ಆಸ್ಪತ್ರೆ ಬೀದಿಗೆ ಹೋದರೂ ಲ್ಯಾಬ್ ಬೋರ್ಡಿನಲ್ಲಿ ‘ಥೈರಾಯ್ಡ್ ಪ್ಯಾಕೇಜ್’ ಇದ್ದೇ ಇರುತ್ತದೆ. ಟಿ3, ಟಿ4 ಎಂಬ ಥೈರಾಯ್ಡ್ ಹಾರ್ಮೋನುಗಳು, ಅವನ್ನು ತಯಾರಿಸಲು ಗ್ರಂಥಿಗೆ ಸೂಚಿಸುವ ಟಿಎಸ್‌ಎಚ್ ಸೇರಿದ್ದು ಚಿಕ್ಕದು. ದೊಡ್ಡದರಲ್ಲಿ ಆ್ಯಂಟಿ ಟಿಪಿಒ (ಥೈರಾಯ್ಡ್ ವಿರುದ್ಧದ ಒಂದು ಆ್ಯಂಟಿಬಾಡಿ), ಶುಗರ್, ಕೊಲೆಸ್ಟ್ರಾಲ್, ವಿಟಮಿನ್ ಡಿ ಎಲ್ಲ ಕೂಡಿಸಿರುತ್ತಾರೆ. ಥೈರಾಯ್ಡ್ ಮಂದವಾಗಿ ಮಾತ್ರೆ ತಿನ್ನುವವರಿಗೆ ಚಿಕ್ಕದೇ ಧಾರಾಳ. ಆದರೆ ಥೈರಾಯ್ಡ್ ಕ್ಯಾನ್ಸರ್‌ಗಾಗಿ ಗ್ರಂಥಿಯನ್ನೇ ತೆಗೆಸಿಕೊಂಡವರು ಇದನ್ನು ಮಾಡಿಸಿ, ‘ನಾರ್ಮಲ್’ ಎಂಬ ರಿಪೋರ್ಟ್ ಹಿಡಿದು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾರಲ್ಲ, ಅಲ್ಲಿ ಈ ಪ್ಯಾಕೇಜ್ ಪೂರ್ತಿ ಸೋಲುತ್ತದೆ. ರೋಗ ಮರಳಿದೆಯೋ ಇಲ್ಲವೋ ಎಂಬುದಕ್ಕೆ ಚಿಕ್ಕದರಲ್ಲೂ ಉತ್ತರವಿಲ್ಲ, ದೊಡ್ಡದರಲ್ಲೂ ಇಲ್ಲ.

ಪ್ಯಾಪಿಲರಿ, ಫಾಲಿಕ್ಯುಲರ್ ಬಗೆಯ ಕ್ಯಾನ್ಸರ್ ಆದವರು ಬಿಡಿಬಿಡಿಯಾಗಿ ಕೇಳಬೇಕಾದ್ದು ಮೂರು: ಟಿಎಸ್‌ಎಚ್, ಥೈರೊಗ್ಲೋಬ್ಯುಲಿನ್, ಆ್ಯಂಟಿ ಥೈರೊಗ್ಲೋಬ್ಯುಲಿನ್ ಆ್ಯಂಟಿಬಾಡಿ. ಥೈರೊಗ್ಲೋಬ್ಯುಲಿನ್ ತಯಾರಾಗುವುದು ಥೈರಾಯ್ಡ್ ಕೋಶಗಳಲ್ಲಿ ಮಾತ್ರ. ಗ್ರಂಥಿ ಪೂರ್ತಿ ತೆಗೆದು, ಉಳಿದ ಥೈರಾಯ್ಡ್ ಕೋಶಗಳನ್ನು ನಾಶಮಾಡುವ ರೇಡಿಯೋ ಅಯೋಡಿನ್ ಕೊಟ್ಟ ಮೇಲೂ ಅದು ರಕ್ತದಲ್ಲಿ ಏರುತ್ತಿದ್ದರೆ ಎಲ್ಲೋ ಆ ಕೋಶ ಉಳಿದಿದೆ ಅಥವಾ ಮರಳಿದೆ ಎಂದರ್ಥ. ಟಿಎಸ್‌ಎಚ್ ಏರಿದರೂ ಇದು ಏರುತ್ತದೆ, ಅದಕ್ಕೇ ಎರಡನ್ನೂ ಒಂದೇ ದಿನದ ರಕ್ತದಲ್ಲಿ ನೋಡಬೇಕು. ಅರ್ಧ ಗ್ರಂಥಿ ಉಳಿಸಿಕೊಂಡವರಲ್ಲಿ ಒಂದು ಸಲದ ಅಂಕಿಯಿಂದ ಹೆಚ್ಚೇನೂ ತಿಳಿಯದು. ಮೆಡ್ಯುಲರಿ ಬಗೆಯಾದರೆ ಲೆಕ್ಕವೇ ಬೇರೆ, ಅದಕ್ಕೆ ಕ್ಯಾಲ್ಸಿಟೋನಿನ್ ಮತ್ತು ಸಿಇಎ ಎಂಬ ಬೇರೆ ರಕ್ತ ಪರೀಕ್ಷೆಗಳು ಬೇಕು.

ಚೀಟಿಯಲ್ಲಿ ಥೈರೊಗ್ಲೋಬ್ಯುಲಿನ್ ಬದಲು ‘ಟಿಜಿ’ ಎಂದಷ್ಟೇ ಇದ್ದರೆ ಕೌಂಟರಿನವರು ಅದನ್ನು ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ಪರೀಕ್ಷೆ ಎಂದು ಎಂಟ್ರಿ ಮಾಡಿಬಿಡಬಹುದು. ಪೂರ್ತಿ ಹೆಸರು ಬರೆಸಿ, ಬಿಲ್ಲಿನಲ್ಲಿ ಓದಿ ನೋಡಿಕೊಂಡೇ ಕೈ ಚಾಚಿ. ದೊಡ್ಡ ಪ್ಯಾಕೇಜಿನ ಆ್ಯಂಟಿ ಟಿಪಿಒ ಬೇರೆ ಆ್ಯಂಟಿಬಾಡಿ, ಇಲ್ಲಿ ಅದರಿಂದ ಉಪಯೋಗವಿಲ್ಲ. ಈ ಮೂರು ಪರೀಕ್ಷೆಗೆ ಹಸಿದ ಹೊಟ್ಟೆಯೂ ಬೇಕಿಲ್ಲ; ಉಪವಾಸದ ಷರತ್ತು ಶುಗರ್, ಕೊಬ್ಬಿಗಾಗಿ. ಗ್ರಂಥಿಯ ಹಾರ್ಮೋನಿನ ಬದಲಿಗೆ ದಿನಾ ತಿನ್ನುವ ಥೈರಾಕ್ಸಿನ್ ಮಾತ್ರೆಯನ್ನು ಮಾತ್ರ ಆ ದಿನ ರಕ್ತ ಕೊಟ್ಟ ಮೇಲೆ ತೆಗೆದುಕೊಳ್ಳಿ.

ನಮ್ಮ ದೊಡ್ಡ ದೂರು ರಿಪೋರ್ಟಿನ ಹಾಳೆಯ ಮೇಲೆ. ಥೈರೊಗ್ಲೋಬ್ಯುಲಿನ್ ಎದುರಿಗೆ 3.5ರಿಂದ 77 ಎಂಬಂಥ ರೇಂಜ್ ಅಚ್ಚಾಗಿರುತ್ತದೆ. ಅದು ಗ್ರಂಥಿ ಇರುವವರ ರೇಂಜ್. ಗ್ರಂಥಿಯೇ ಇಲ್ಲದವರಿಗೆ 10 ಬಂದರೆ ಅದು ತಕ್ಷಣ ವಿಚಾರಿಸಬೇಕಾದ ಅಂಕಿ, ಆದರೆ ಹಾಳೆಯಲ್ಲಿ ದಪ್ಪಕ್ಷರವೂ ಇಲ್ಲ, ನಕ್ಷತ್ರದ ಗುರುತೂ ಇಲ್ಲ. ರೇಡಿಯೋ ಅಯೋಡಿನ್ ಆದ ಮೇಲೆ, ಥೈರಾಕ್ಸಿನ್ ಮಾತ್ರೆ ನುಂಗುತ್ತಿರುವಾಗಲೇ, ಥೈರೊಗ್ಲೋಬ್ಯುಲಿನ್ ಮಿಲಿಲೀಟರಿಗೆ 0.2 ನ್ಯಾನೋಗ್ರಾಂಗಿಂತ ಕಡಿಮೆ ಇದ್ದು ಆ್ಯಂಟಿಬಾಡಿಯೂ ಇಲ್ಲದಿದ್ದರೆ ಒಳ್ಳೆಯ ಫಲಿತಾಂಶ. ಲ್ಯಾಬ್‌ನ ಯಂತ್ರ ಎಷ್ಟು ಕೆಳಗಿನವರೆಗೆ ಅಳೆಯುತ್ತದೆ ಎಂದು ಮೊದಲೇ ಕೇಳಿ: ‘1ಕ್ಕಿಂತ ಕಡಿಮೆ’ ಎಂದಷ್ಟೇ ಕೊಡುವ ಹಳೆಯ ವಿಧಾನದಲ್ಲಿ 0.3ರಿಂದ 0.8ಕ್ಕೆ ಏರಿದ್ದು ಕಾಣುವುದೇ ಇಲ್ಲ. ಟಿಎಸ್‌ಎಚ್‌ನಲ್ಲಿ ಇದರ ತಿರುವುಮುರುವು. ಅಪಾಯ ಹೆಚ್ಚಿರುವವರಲ್ಲಿ ಉಳಿದ ಕ್ಯಾನ್ಸರ್ ಕೋಶ ಬೆಳೆಯದಿರಲೆಂದು ವೈದ್ಯರು ಅದನ್ನು ಬೇಕೆಂದೇ 0.1ಕ್ಕಿಂತ ಕೆಳಗೆ, ಮಧ್ಯಮದವರಲ್ಲಿ 0.1ರಿಂದ 0.5ರ ನಡುವೆ ಇಟ್ಟಿರುತ್ತಾರೆ. ಹಾಳೆಯಲ್ಲಿ ‘ಲೋ’ ಎಂದು ಬಂತೆಂದು ಊರಿನ ಕ್ಲಿನಿಕ್ಕಿನಲ್ಲಿ ಡೋಸ್ ಇಳಿಸಿಕೊಂಡರೆ ಮಾಡಿದ ಚಿಕಿತ್ಸೆ ಸಡಿಲವಾಗುತ್ತದೆ.

ಇನ್ನು ಗಂಡು, ಹೆಣ್ಣಿನ ವಿಷಯ. ಲ್ಯಾಬ್ ಫಾರ್ಮಿನಲ್ಲಿ ಲಿಂಗದ ಕಾಲಂ ಇದೆ, ಪ್ಯಾಕೇಜಿನಲ್ಲಿ ಅದಕ್ಕೆ ತಕ್ಕ ಒಂದು ಪ್ರಶ್ನೆಯೂ ಇಲ್ಲ. ಥೈರಾಯ್ಡ್ ಕ್ಯಾನ್ಸರ್ ಹೆಂಗಸರಲ್ಲಿ ಸುಮಾರು 3 ಪಟ್ಟು ಹೆಚ್ಚು. ಆದರೆ ಗಂಡಸರಲ್ಲಿ ಗಡ್ಡೆ ದೊಡ್ಡದಾಗಿ, ಕತ್ತಿನ ದುಗ್ಧ ಗಂಟುಗಳಿಗೆ ಹಬ್ಬಿದ ಮೇಲೆ ಪತ್ತೆಯಾಗುವುದು ಹೆಚ್ಚು. ಮರಳುವುದೂ ಅವರಲ್ಲೇ ಹೆಚ್ಚೆಂದು ಅನೇಕ ಅಧ್ಯಯನಗಳು ತೋರಿಸಿವೆ. ಗಡ್ಡೆಯ ಅಳತೆ, ಗಂಟುಗಳ ಸಂಖ್ಯೆ, ವಯಸ್ಸು ಸರಿಹೊಂದಿಸಿ ನೋಡಿದಾಗ ಈ ಅಂತರ ಬಹಳಷ್ಟು ಕರಗುತ್ತದೆ, ಕೆಲವು ಅಧ್ಯಯನಗಳಲ್ಲಿ ಸ್ವಲ್ಪ ಉಳಿಯುತ್ತದೆ. ಕ್ಯಾನ್ಸರ್ ಎಷ್ಟು ಮುಂದುವರಿದಿದೆ ಎಂದು ಅಳೆಯುವ ಎಜೆಸಿಸಿ ಹಂತ ನಿರ್ಣಯದ, 2018ರಿಂದ ಬಳಕೆಯಲ್ಲಿರುವ 8ನೇ ಆವೃತ್ತಿಯಲ್ಲಿ 55 ವರ್ಷದ ಗೆರೆ ಇದೆ, ಗಂಡು ಹೆಣ್ಣೆಂಬ ಗೆರೆ ಇಲ್ಲ. ಹಾಗಾಗಿ ಆಪರೇಷನ್‌ನಲ್ಲಿ ತೆಗೆದ ಗ್ರಂಥಿಯ ಬಯಾಪ್ಸಿ ರಿಪೋರ್ಟನ್ನು ಕಣ್ಣಿಟ್ಟು ಓದಿಸಿಕೊಳ್ಳಿ: ಗ್ರಂಥಿಯ ಹೊರಗೆ ಹಬ್ಬಿದೆಯೇ, ರಕ್ತನಾಳದೊಳಗೆ ಹೊಕ್ಕಿದೆಯೇ, 5ಕ್ಕಿಂತ ಹೆಚ್ಚು ಗಂಟುಗಳಲ್ಲಿ ಇದೆಯೇ, ಯಾವುದಾದರೂ ಗಂಟು 3 ಸೆಂ.ಮೀ. ಮುಟ್ಟಿದೆಯೇ. ಗಂಡಸು ಎಂಬ ಒಂದೇ ಕಾರಣಕ್ಕೆ ಹೆದರಬೇಕಿಲ್ಲ, ಹೆಂಗಸು ಎಂದು ಮೈಮರೆಯಲೂ ಬಾರದು.

ಹೆಂಗಸರಲ್ಲಿ ಪರೀಕ್ಷೆಯೇ ಮೋಸ ಮಾಡುವ ಸಂದರ್ಭ ಹೆಚ್ಚು. ಥೈರಾಯ್ಡ್ ವಿರುದ್ಧದ ಆ್ಯಂಟಿಬಾಡಿ ಅವರಲ್ಲೇ ಜಾಸ್ತಿ. ಅದು ರಕ್ತದಲ್ಲಿದ್ದರೆ ಸಾಮಾನ್ಯ ವಿಧಾನದ ಯಂತ್ರಕ್ಕೆ ಥೈರೊಗ್ಲೋಬ್ಯುಲಿನ್ ಸರಿಯಾಗಿ ಸಿಗದೆ, ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಆಗ ಆ್ಯಂಟಿಬಾಡಿಯ ಏರಿಳಿತವನ್ನೇ ನೋಡಬೇಕು: ವರ್ಷದಿಂದ ವರ್ಷಕ್ಕೆ ಇಳಿದರೆ ಒಳ್ಳೆಯದು, ಏರಿದರೆ ಹುಡುಕಬೇಕು. ಕೂದಲು ಉದುರುತ್ತದೆಂದು ತಿನ್ನುವ ಬಯೋಟಿನ್ ಮಾತ್ರೆ ಇನ್ನೊಂದು ಕಾಟ. ಬಯೋಟಿನ್ ಆಧಾರಿತ ಯಂತ್ರಗಳಲ್ಲಿ ಟಿಎಸ್‌ಎಚ್, ಥೈರೊಗ್ಲೋಬ್ಯುಲಿನ್ ಎರಡನ್ನೂ ಅದು ಸುಳ್ಳಾಗಿ ತಗ್ಗಿಸುತ್ತದೆ. ರಕ್ತ ಕೊಡುವ ಮುಂಚೆ ಕನಿಷ್ಠ 3 ದಿನ ನಿಲ್ಲಿಸಿ. ಈ ಪ್ರಶ್ನೆಯನ್ನು ಸ್ಯಾಂಪಲ್ ತೆಗೆಯುವವರೇ ಕೇಳಬೇಕಿತ್ತು. ಅಂಗನವಾಡಿಯ ಕಬ್ಬಿಣದ ಮಾತ್ರೆ, ಆಪರೇಷನ್ ನಂತರದ ಕ್ಯಾಲ್ಸಿಯಂ, ಎರಡೂ ಥೈರಾಕ್ಸಿನ್‌ನಿಂದ 4 ತಾಸು ದೂರ ಇರಲಿ. ಥೈರಾಕ್ಸಿನ್ ಬರೀ ನೀರಿನಲ್ಲಿ, ಚಹಾಕ್ಕಿಂತ ಅರ್ಧದಿಂದ ಒಂದು ತಾಸು ಮೊದಲು. ಬಸಿರಾದರೆ ಡೋಸ್ ಹೆಚ್ಚಿಸಬೇಕಾಗುತ್ತದೆ, ಕೂಡಲೇ ವೈದ್ಯರಿಗೆ ತಿಳಿಸಿ. ಮುಟ್ಟು ನಿಂತವರಲ್ಲಿ ಟಿಎಸ್‌ಎಚ್ ಅತಿಯಾಗಿ ತಗ್ಗಿಸಿ ವರ್ಷಗಟ್ಟಲೆ ಇಟ್ಟರೆ ಮೂಳೆ ಸವೆಯುತ್ತದೆ.

ಸ್ಕ್ಯಾನನ್ನು ಯಾರೂ ಬಿಡಬಾರದು, ಗಂಡಸರಂತೂ ಬಿಡಲೇಬಾರದು. ಗಂಟುಗಳಿಗೆ ಹಬ್ಬಿದ್ದವರಲ್ಲಿ ರೋಗ ಮರಳುವುದು ಬಹುಪಾಲು ಕತ್ತಿನಲ್ಲೇ. ಆಪರೇಷನ್ ಆದ 6ರಿಂದ 12 ತಿಂಗಳಲ್ಲಿ ಕತ್ತಿನ ಅಲ್ಟ್ರಾಸೌಂಡ್ ಆಗಬೇಕು, ಗ್ರಂಥಿ ಇದ್ದ ಜಾಗದ ಜೊತೆ ಎರಡೂ ಬದಿಯ ಗಂಟುಗಳನ್ನು ನೋಡಿ ಅಳತೆ ಸಮೇತ ಬರೆದಿರಬೇಕು. ‘ಗ್ರಂಥಿ ಇಲ್ಲ’ ಎಂಬ ಒಂದೇ ಸಾಲಿನ ರಿಪೋರ್ಟ್ ಬಂದರೆ ವಾಪಸ್ ಹೋಗಿ ಕೇಳಿ.

ಇನ್ನು ಸಾಗಣೆ. ಈ ಪರೀಕ್ಷೆಯ ಸ್ಯಾಂಪಲ್ ಹಲವು ಕಡೆ ಇಲ್ಲಿಂದ ದೊಡ್ಡ ಊರಿನ ಲ್ಯಾಬ್‌ಗೆ ಹೋಗುತ್ತದೆ. ಹಳದಿ ಮುಚ್ಚಳದ ಜೆಲ್ ಟ್ಯೂಬನ್ನು ಇಲ್ಲೇ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ, ಸೀರಂ (ರಕ್ತದ ತಿಳಿ ಭಾಗ) ಬೇರ್ಪಡಿಸಿ, ಐಸ್ ಪ್ಯಾಕ್ ಡಬ್ಬಿಯಲ್ಲಿ ಕಳಿಸುತ್ತಾರೆಯೇ ಎಂದು ಕೇಳಿ. ಏಪ್ರಿಲ್, ಮೇ ಬಿಸಿಲಲ್ಲಿ ಕೇಳಲೇಬೇಕು. ಲ್ಯಾಬ್ ಬದಲಿಸಬೇಡಿ. ಒಬ್ಬನೇ ಮನುಷ್ಯನ ರಕ್ತಕ್ಕೆ ಎರಡು ಯಂತ್ರಗಳು ಎರಡು ಅಂಕಿ ಕೊಡುತ್ತವೆ, ಏರಿಕೆ ನಿಜವೋ ಯಂತ್ರದ್ದೋ ತಿಳಿಯುವುದಿಲ್ಲ. ಬೆಂಗಳೂರಿನ ಕಿದ್ವಾಯಿಗೋ ಹೈದರಾಬಾದಿಗೋ ಹೋಗುವಾಗ ಒಂದು ಹಾಳೆಯಲ್ಲಿ ತಾರೀಖು, ಲ್ಯಾಬ್, ಟಿಎಸ್‌ಎಚ್, ಥೈರೊಗ್ಲೋಬ್ಯುಲಿನ್, ಆ್ಯಂಟಿಬಾಡಿ, ಆ ದಿನದ ಮಾತ್ರೆಯ ಡೋಸ್ ಸಾಲಾಗಿ ಬರೆದು ಒಯ್ಯಿರಿ.