ಹುಳು ಮನೆ ಗೋಡೆಗೆ ಯಾವ ಡಿಸ್‌ಪ್ಲೇ ಒಳ್ಳೇದು?

ರೇಷ್ಮೆ ಹುಳು ಮನೆಯಲ್ಲಿ ಗಳಿಗೆಗೊಮ್ಮೆ ನೋಡಬೇಕಾದ್ದು ಎರಡೇ ಲೆಕ್ಕ. ಶಾಖ ಎಷ್ಟಿದೆ, ತೇವ ಎಷ್ಟಿದೆ. ಚಾಕಿ ಹುಳುವಿಗೆ, ಅಂದರೆ ಮೊದಲ ಹಂತದ ಮರಿ ಹುಳುವಿಗೆ, 27–28 ಡಿಗ್ರಿ, 85–90 ಪರ್ಸೆಂಟ್ ತೇವ ಬೇಕು. ಕೊನೆ ಹಂತದ ದೊಡ್ಡ ಹುಳುವಿಗೆ 24–25 ಡಿಗ್ರಿ, 70ರ ಆಸುಪಾಸು ತೇವ ಸಾಕು. ಡಿಎಚ್‌ಟಿ22 ಸೆನ್ಸರ್ ಇದನ್ನೆಲ್ಲ ಚೆನ್ನಾಗೇ ಅಳೆಯುತ್ತದೆ. ತಕರಾರು ಇರುವುದು ಅಳೆದದ್ದನ್ನು ತೋರಿಸುವುದರಲ್ಲಿ.

ನಮ್ಮಮ್ಮನಿಗೆ ಕಣ್ಣಿನ ಪೊರೆ. ಚಿಕ್ಕಪ್ಪನಿಗೆ ಕೆಂಪು, ಹಸಿರು ಎರಡೂ ಒಂದೇ ಥರ ಕಾಣುತ್ತವೆ. ಇಬ್ಬರ ಕೈಯಲ್ಲೂ ಸೊಪ್ಪಿನ ಕಂತೆ ಇರುತ್ತದೆ. ಬಾಗಿಲಲ್ಲಿ ನಿಂತು ಒಂದು ಸಲ ನೋಡಿದರೆ ತಿಳಿಯಬೇಕು, ಅಷ್ಟೇ. ಈ ಪರೀಕ್ಷೆಗೆ, ಸೆನ್ಸರ್ ಲೆಕ್ಕ ಓದುವ ಪುಟ್ಟ ಕಂಪ್ಯೂಟರಾದ ಇಎಸ್‌ಪಿ32 ಬೋರ್ಡಿಗೆ ಒಂದೊಂದೇ ಡಿಸ್‌ಪ್ಲೇ ಹಾಕಿ ನೋಡಿದೆ.

ಎಲ್ಲರೂ ಮೊದಲು ಕೊಳ್ಳುವ, ಸಾಲಿಗೆ 16 ಅಕ್ಷರದಂತೆ ಎರಡು ಸಾಲಿನ 16x2 ಎಲ್‌ಸಿಡಿ ಅಗ್ಗ, ಗಟ್ಟಿ. ಎದುರಿಗೆ ನಿಂತರೆ ಸರಿ, ಪಕ್ಕಕ್ಕೆ ಸರಿದರೆ ಅಕ್ಷರ ಮಾಸುತ್ತದೆ. ಕನ್ನಡಕ್ಕಂತೂ ಆಗಿಬರುವುದಿಲ್ಲ. ನಾವೇ ಬರೆದ ಅಕ್ಷರ ಒಂದು ಸಲಕ್ಕೆ ಎಂಟೇ ಹಿಡಿಸುತ್ತವೆ, ಒಂದೊಂದಕ್ಕೂ 5x8 ಚುಕ್ಕಿ ಜಾಗ. ಅದರಲ್ಲಿ ‘ಜಾಸ್ತಿ’ ಬರೆಯಲು ಹೋದರೆ ಇರುವೆ ಸತ್ತುಬಿದ್ದ ಹಾಗೆ ಕಾಣುತ್ತದೆ.

0.96 ಇಂಚಿನ ಓಎಲ್‌ಇಡಿ ಪರದೆ ಮೇಜಿನ ಮೇಲೆ ಬಲು ಚೆಂದ. ಅಮ್ಮ ಮಾತ್ರ ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ, ‘ಏನ್ ಬರ್ದೈತೋ ನೀನೇ ನೋಡಿ ಹೇಳಪ್ಪ’ ಅಂದರು. ಅಲ್ಲಿಗೆ ಅದರ ಕಥೆ ಮುಗಿಯಿತು.

ನಿಜವಾದ ಪೈಪೋಟಿ ಇದ್ದದ್ದು 2.9 ಇಂಚಿನ ಇ-ಪೇಪರ್‌ಗೂ ಏಳು ಗೀಟು ದೀಪ ಉರಿಸಿ ದಪ್ಪ ಅಂಕಿ ತೋರಿಸುವ ಸೆವೆನ್ ಸೆಗ್ಮೆಂಟ್‌ಗೂ. ಇ-ಪೇಪರ್ ಅಚ್ಚು ಹಾಕಿದ ಕಾಗದದಂತೆಯೇ ಇರುತ್ತದೆ. ಬಿಸಿಲು ಬಿದ್ದಷ್ಟೂ ಚೆನ್ನಾಗಿ ಕಾಣುತ್ತದೆ. ಕರೆಂಟ್ ಹೋದರೂ ಬರೆದದ್ದು ಅಳಿಸುವುದಿಲ್ಲ. ಇದನ್ನು ಗುಣ ಅಂತಾರೆ, ನನಗೆ ಇದೇ ಭಯ. ಬೋರ್ಡ್ ಸತ್ತು ಬಿದ್ದಿದ್ದರೂ ಗೋಡೆ ಮೇಲೆ ‘26’ ಅಂತ ನಿಂತೇ ಇರುತ್ತದೆ, ನೋಡಿದವರು ನೆಮ್ಮದಿಯಾಗಿ ಹೋಗುತ್ತಾರೆ. ಹಾಗಾಗಿ ಪಕ್ಕದಲ್ಲಿ ಗಂಟೆ, ನಿಮಿಷ ಹಾಕಲೇಬೇಕು. ಕನ್ನಡ ಪದಗಳನ್ನು ಮೊದಲೇ ಚಿತ್ರ ಮಾಡಿ ತುಂಬಿದರೆ ಒತ್ತಕ್ಷರವೂ ಸರಿಯಾಗಿ ಬರುತ್ತದೆ. ಆದರೆ ಇದಕ್ಕೆ ತನ್ನದೇ ಬೆಳಕಿಲ್ಲ. ಹುಳು ಮನೆ ಮಬ್ಬಾಗಿರುತ್ತದೆ, ರಾತ್ರಿ ಸೊಪ್ಪು ಹಾಕುವಾಗ ಟಾರ್ಚ್ ಬಿಡಬೇಕು.

ಸೆವೆನ್ ಸೆಗ್ಮೆಂಟ್‌ಗೆ ರಾತ್ರಿ ಹಗಲು ಎರಡೂ ಒಂದೇ. ಅದರ ತೊಂದರೆ ಬೇರೆ. 27, 80 ಅಂತ ಸುಮ್ನೆ ಉರಿಯುತ್ತದೆ, ಯಾವುದು ಶಾಖ ಯಾವುದು ತೇವ ಅಂತ ಹೇಳುವುದಿಲ್ಲ. ಎರಡು ಮಾಡ್ಯೂಲ್ ತಂದು, ಕೆಳಗೆ ದಪ್ಪ ಪೇಂಟಿನಲ್ಲಿ ‘ಶಾಖ’, ‘ತೇವ’ ಅಂತ ಬರೆದೆ. ದಶಮಾಂಶ ಕಿತ್ತುಹಾಕಿದೆ. ಸೆನ್ಸರೇ ಅರ್ಧ ಡಿಗ್ರಿ ಆಚೀಚೆ ಅಳೆಯುವಾಗ 27.3 ಹೋಗಿ 27.4 ಬಂದರೆ ಯಾರಿಗೇನು ಲಾಭ? ಅಂಕಿ ಕುಣಿಯುವುದು ನಿಂತಿತು, ಓದುವುದು ಎಷ್ಟೋ ಸಲೀಸಾಯಿತು. ಕೆಂಪು ಅಂಕಿ ಚಿಕ್ಕಪ್ಪನಿಗೆ ಮಂಕಾಗಿ ಕಂಡಿದ್ದರಿಂದ ಬಿಳಿಯದು ಹಾಕಿದೆ. ಎಚ್ಚರಿಕೆ ದೀಪಕ್ಕೂ ಬಣ್ಣ ನಂಬಲಿಲ್ಲ. ಮೇಲಿನ ದೀಪ ಹತ್ತಿದರೆ ಜಾಸ್ತಿ, ಕೆಳಗಿನದು ಹತ್ತಿದರೆ ಕಡಿಮೆ, ಎರಡೂ ಆರಿದ್ದರೆ ಸರಿಯಾಗಿದೆ.

ಮೊಬೈಲ್ ಪೇಜೂ ಮಾಡಿದ್ದೆ. ಊರಿಂದ ಆಚೆ ಇರುವ ನನಗೆ ಅದು ಬೇಕು. ಸೊಪ್ಪಿನ ಕೈಯವರಿಗೆ ಬೇಡ.

ಅಮ್ಮನಿಗೆ ಹಿಡಿಸಿದ್ದು ಮಾತಾಡುವ ಪೆಟ್ಟಿಗೆ. ಡಿಎಫ್‌ಪ್ಲೇಯರ್ ಮಿನಿ ಅನ್ನುವ, ರೆಕಾರ್ಡ್ ಮಾಡಿದ್ದನ್ನು ನುಡಿಸುವ ಪುಟ್ಟ ಬೋರ್ಡ್, ಚಿಕ್ಕ ಸ್ಪೀಕರ್, ಮೊಣಕೈಯಲ್ಲಿ ಒತ್ತುವಷ್ಟು ದೊಡ್ಡ ಬಟನ್. ಒತ್ತಿದರೆ ತಂಗಿ ಧ್ವನಿಯಲ್ಲಿ ‘ಶಾಖ ಇಪ್ಪತ್ತೇಳು, ಸರಿಯಾಗಿದೆ’ ಅನ್ನುತ್ತದೆ. ‘ಇಪ್ಪತ್ತು’, ‘ಏಳು’ ಅಂತ ಬೇರೆ ಬೇರೆ ರೆಕಾರ್ಡ್ ಮಾಡಿ ಜೋಡಿಸಿದರೆ ಬಸ್ ಸ್ಟ್ಯಾಂಡ್ ಮೈಕಿನಂತೆ ಕೇಳುತ್ತದೆ. 15ರಿಂದ 99ರವರೆಗೆ ಒಂದೊಂದನ್ನೂ ಬಿಡಿಯಾಗಿ ಹೇಳಿಸಿಬಿಡಿ. ಹುಳು ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತಾಗ ಉದುರಿಸುವ ಸುಣ್ಣದ ಪುಡಿ ಎಲ್ಲ ಪರದೆ ಮೇಲೂ ಕೂರುತ್ತದೆ, ಧ್ವನಿಗೆ ಆ ಕಾಟವೂ ಇಲ್ಲ. ಆದರೆ ಒತ್ತಿದರಷ್ಟೇ ಹೇಳುತ್ತದೆ. ಎಚ್ಚರಿಕೆ ದೀಪ ಹತ್ತಿದಾಗ ತಾನಾಗಿ ಕೂಗುವಂತೆ ಮಾಡಿದ್ದೆ, ರಾತ್ರಿ ಎರಡು ಗಂಟೆಗೆ ಒಮ್ಮೆ ಕೂಗಿದ ಮೇಲೆ ಚಿಕ್ಕಪ್ಪ ವೈರ್ ಕಿತ್ತರು.

ಈಗ ಬಾಗಿಲೆದುರಿನ ಗೋಡೆಯಲ್ಲಿ ಬಿಳಿ ಅಂಕಿ, ಬಾಗಿಲ ಪಕ್ಕ ಬಟನ್. ಇ-ಪೇಪರ್ ಬೆಳಕು ಚೆನ್ನಾಗಿರುವ ಸೊಪ್ಪಿನ ಕೋಣೆಗೆ ಹೋಗಿದೆ.